ಪಾತ್ರದ ದೋಷದಿಂದ ನಾಟಕ ಕಟ್ಟುವ ಬಗೆ: ಬರೆಯುವವರಿಗೂ ಆಡಿಸುವವರಿಗೂ

ಹವ್ಯಾಸಿ ತಂಡಗಳ ಹೊಸ ನಾಟಕಗಳಲ್ಲಿ ಒಂದು ಕಾಯಿಲೆ ಮತ್ತೆ ಮತ್ತೆ ಕಾಣಿಸುತ್ತದೆ. ಮೊದಲ ದೃಶ್ಯದಲ್ಲೇ ಯಾರೋ "ಅಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು" ಅನ್ನುತ್ತಾರೆ. ಅಪ್ಪ ಬಂದು ಎರಡು ಸಲ ಕೂಗಾಡುತ್ತಾನೆ. ಅಲ್ಲಿಗೆ ಆ ಸಿಟ್ಟಿನ ಕೆಲಸ ಮುಗಿಯಿತು. ಮುಂದಿನ ಕಥೆಯನ್ನು ಬ್ಯಾಂಕಿನ ನೋಟಿಸು, ಬೈಕ್ ಅಪಘಾತ ಅಥವಾ ಬೆಂಗಳೂರಿನಿಂದ ಬಂದಿಳಿದ ಅಣ್ಣ ಎಳೆದುಕೊಂಡು ಹೋಗುತ್ತಾರೆ. ಅಪ್ಪ ಸಿಟ್ಟಿನವನಾಗಿರದೆ ಸಾಧುವಾಗಿದ್ದರೂ ನಾಟಕ ಹಾಗೆಯೇ ನಡೆಯುತ್ತಿತ್ತು.

ಇಲ್ಲಿ ಹೇಳುವ ಕ್ರಮದ ಅಳತೆಗೋಲು ಒಂದೇ. ಮುಖ್ಯ ಪಾತ್ರದ ದೋಷವನ್ನು ತೆಗೆದು ನೋಡಿ, ನಾಟಕ ಮೂರನೆಯ ಅಥವಾ ನಾಲ್ಕನೆಯ ದೃಶ್ಯದಲ್ಲಿ ನಿಂತುಹೋಗಬೇಕು. ನಿಲ್ಲದಿದ್ದರೆ ದೋಷ ಬರೀ ಅಲಂಕಾರಕ್ಕೆ ಇದೆ ಎಂದರ್ಥ. 75ರಿಂದ 90 ನಿಮಿಷದ, ಐದಾರು ಪಾತ್ರಗಳ ನಾಟಕವನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಜ್ಜೆಗಳನ್ನು ಹೇಳಿದೆ. ಉದಾಹರಣೆಗೆ ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಯನ್ನು ಕಲ್ಪಿಸಿಕೊಂಡಿದ್ದೇವೆ. ಅಲ್ಲಿನ ಹೆಸರುಗಳೆಲ್ಲ ಕಟ್ಟಿದವು.

ಮೊದಲ ಹೆಜ್ಜೆ: ದೋಷವನ್ನು ಒಂದು ಪದದಲ್ಲಿ ಬರೆಯಬೇಡಿ

ಮುಂಗೋಪಿ, ಜಿಪುಣ, ಅಹಂಕಾರಿ, ಸಂಶಯದವನು. ಇವೆಲ್ಲ ಊರಿನವರು ಹಿಂದಿನಿಂದ ಇಡುವ ಹೆಸರುಗಳು. ಇಂಥ ಪದ ಹಿಡಿದುಕೊಂಡು ಕೂತರೆ ಪಾತ್ರ ಏನು ಮಾಡುತ್ತದೆ ಎನ್ನುವುದು ಹೊಳೆಯುವುದಿಲ್ಲ. ಅಹಂಕಾರಿ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ? ಉತ್ತರವಿಲ್ಲ. ಅದಕ್ಕೇ ದೋಷವನ್ನು ಪಾತ್ರ ಪಾಲಿಸುವ ನಿಯಮವಾಗಿ, ಮೂರು ತುಂಡಿನ ಒಂದು ವಾಕ್ಯವಾಗಿ ಬರೆಯಿರಿ: ಯಾವುದಕ್ಕೆ ಹೆದರುತ್ತಾನೆ, ಅದನ್ನು ತಪ್ಪಿಸಿಕೊಳ್ಳಲು ಪ್ರತಿ ಸಲ ಏನು ಮಾಡುತ್ತಾನೆ, ಅದರ ಬೆಲೆ ಯಾರು ತೆರುತ್ತಾರೆ.

ನಮ್ಮ ಉದಾಹರಣೆಯ ಶೇಷಪ್ಪನಿಗೆ 58 ವರ್ಷ, ಎರಡು ಎಕರೆ ತೋಟ. ಊರಿನವರ ಬಾಯಲ್ಲಿ ಅವನು ಜಂಬದ ಮನುಷ್ಯ. ನಮ್ಮ ಕಾರ್ಡಿನಲ್ಲಿ ಹೀಗೆ ಬರೆದುಕೊಳ್ಳುತ್ತೇವೆ: "ಯಾರ ಹಂಗಿಗೂ ಬೀಳಬಾರದೆಂದು, ನೆರವು ಕೈಗೆ ಬಂದಾಗಲೆಲ್ಲ ಏನಾದರೂ ನೆಪ ಹೇಳಿ ತಳ್ಳುತ್ತಾನೆ; ಅದರ ಹೊಡೆತ ಹೆಂಡತಿ ಮತ್ತು ಮಗಳ ಮೇಲೆ ಬೀಳುತ್ತದೆ."

ಈ ವಾಕ್ಯದಲ್ಲಿ ಕ್ರಿಯಾಪದವಿದೆ: ತಳ್ಳುತ್ತಾನೆ. ರಂಗದ ಮೇಲೆ ನಟ ಮಾಡಿ ತೋರಿಸಬಹುದಾದ ಕ್ರಿಯಾಪದ ಸಿಗುವವರೆಗೆ ವಾಕ್ಯವನ್ನು ತಿದ್ದುತ್ತಲೇ ಇರಿ. "ಬೇಸರಪಡುತ್ತಾನೆ", "ಯೋಚಿಸುತ್ತಾನೆ", "ಒಳಗೊಳಗೇ ಕುದಿಯುತ್ತಾನೆ" ಇವು ಕಾದಂಬರಿಗೆ ಸಾಕು, ರಂಗಕ್ಕೆ ಸಾಲವು. ತಳ್ಳು, ಬಚ್ಚಿಡು, ಲೆಕ್ಕ ಹಾಕು, ಕಾಯಿಸು, ಮಾತು ತಿರುಗಿಸು, ಸಾಕ್ಷಿ ಕರೆ ಇಂಥವು ಕೆಲಸಕ್ಕೆ ಬರುತ್ತವೆ.

ಇನ್ನೊಂದು ಗಮನಿಸಬೇಕಾದದ್ದು, ಹಂಗಿಗೆ ಬೀಳದಿರುವುದು ನಮ್ಮ ಕಡೆ ದೋಷವೆಂದು ಯಾರೂ ಹೇಳುವುದಿಲ್ಲ. ಗುಣವೆಂದೇ ಹೊಗಳುತ್ತಾರೆ. ಒಳ್ಳೆಯ ನಾಟಕೀಯ ದೋಷಗಳು ಬಹುಪಾಲು ಹೀಗೆಯೇ ಇರುತ್ತವೆ. ಪ್ರೇಕ್ಷಕರು ಮೊದಲ ಇಪ್ಪತ್ತು ನಿಮಿಷ ಪಾತ್ರದ ಕಡೆಗೇ ನಿಂತು, ಆಮೇಲೆ ಮೆಲ್ಲಗೆ ಕಸಿವಿಸಿಗೊಳ್ಳಬೇಕು. ಮೊದಲ ನಿಮಿಷದಿಂದಲೇ ಎಲ್ಲರಿಗೂ ಕೆಟ್ಟದ್ದೆನಿಸುವ ದೋಷ, ಕುಡಿತ ಅಥವಾ ಹೊಡೆತದಂಥದ್ದು, ನಾಟಕವನ್ನು ಉಪದೇಶದ ಕಡೆ ಜಾರಿಸುತ್ತದೆ. ಹಾಗೆಂದು ಕುಡುಕನ ನಾಟಕ ಬರೆಯಬಾರದು ಅಂತಲ್ಲ. ಕುಡಿತದ ಕೆಳಗೆ ಇರುವ ನಿಯಮವನ್ನು ಹುಡುಕಿ ಬರೆಯಬೇಕು.

ದುರಂತ ನಾಯಕ ಪೂರಾ ಸಜ್ಜನನೂ ಆಗಿರಬಾರದು, ಪೂರಾ ದುಷ್ಟನೂ ಆಗಿರಬಾರದು, ಒಂದು ತಪ್ಪಿನಿಂದ ಬೀಳುವವನಾಗಿರಬೇಕು ಎಂದು ಅರಿಸ್ಟಾಟಲ್ ಹೇಳಿದ್ದೂ ಇದಕ್ಕೆ ಹತ್ತಿರದ ಮಾತೇ. ಅವನು ಹೇಳಿದ್ದು ಸ್ವಭಾವದ ಕುಂದೋ, ಮಾಡಿದ ತಪ್ಪೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆ. ಬರೆಯುವವರಿಗೆ ಎರಡೂ ಬೇಕು: ಸ್ವಭಾವ ಇದ್ದು ತಪ್ಪು ನಡೆಯದಿದ್ದರೆ ನಾಟಕವಿಲ್ಲ, ಸ್ವಭಾವವಿಲ್ಲದೆ ತಪ್ಪು ನಡೆದರೆ ಅದು ಆಕಸ್ಮಿಕ.

ಎರಡನೆಯದು: ಪಾತ್ರಕ್ಕೆ ವಕೀಲನನ್ನು ಕೊಡಿ

ಮಲೆನಾಡಿನವರಿಗೆ ಇದಕ್ಕೊಂದು ಸಾಧನ ಮನೆಯ ಜಗುಲಿಯಲ್ಲೇ ಇದೆ. ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತಾಳಮದ್ದಳೆ ಕೂಡುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಅರ್ಥಧಾರಿ ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುತ್ತಾನೆ. ಕೌರವನ ಅರ್ಥ ಹೇಳುವವನು ತಾನು ಕೆಟ್ಟವನೆಂದು ಒಪ್ಪಿಕೊಂಡು ಕೂರುವುದಿಲ್ಲ. ಹಿರಿಯ ಮಗನ ಮಗ ನಾನು, ಕುರುಡನೆಂದು ನನ್ನಪ್ಪನಿಗೆ ತಪ್ಪಿದ ಪಟ್ಟ ನನಗೂ ತಪ್ಪಬೇಕೇ ಎಂದು ಕೇಳುತ್ತಾನೆ. ಎದುರಿನ ಕೃಷ್ಣ ಒಂದು ಕ್ಷಣ ಉತ್ತರ ಹುಡುಕಬೇಕು. ಛಲವನ್ನು ಛಲವೆಂದು ಕರೆಯದೆ ನ್ಯಾಯವೆಂದು ವಾದಿಸುವ ಈ ಕ್ರಮವೇ ನಮಗೆ ಬೇಕಾದದ್ದು.

ಮಾಡುವ ವಿಧಾನ ಸುಲಭ. ತಂಡದ ಒಬ್ಬರು ಶೇಷಪ್ಪನಾಗಿ ಕೂರಲಿ, ಇನ್ನೊಬ್ಬರು ಎದುರು ಕೂತು ಕೆಣಕಲಿ. ಹತ್ತು ನಿಮಿಷ, ಬರೆದ ಮಾತು ಒಂದೂ ಬೇಡ. ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಿ. ಕೆಣಕುವವರ ಪ್ರಶ್ನೆ ಮೂರೇ ದಿಕ್ಕಿನಿಂದ ಬರಬೇಕು: ಈ ನಿಯಮ ನಿನಗೆ ಎಲ್ಲಿಂದ ಬಂತು, ಅದು ನಿನ್ನನ್ನು ಯಾವಾಗ ಕಾಪಾಡಿತು, ಅದನ್ನು ಮುರಿದರೆ ಏನಾಗುತ್ತದೆ ಅಂತ ಹೆದರುತ್ತೀಯ.

ಶೇಷಪ್ಪನ ವಿಷಯದಲ್ಲಿ ಸಿಕ್ಕ ಉತ್ತರ: ಅವನ ಅಪ್ಪ ಸಾಹುಕಾರರೊಬ್ಬರಲ್ಲಿ ಸಾಲ ಮಾಡಿದ್ದ. ಸಾಲ ತೀರುವ ತನಕ ಅವರ ಜಗುಲಿ ಹತ್ತದೆ ಅಂಗಳದಲ್ಲೇ ನಿಂತು ಮಾತಾಡಬೇಕಿತ್ತು. ಹತ್ತು ವರ್ಷದ ಹುಡುಗ ಶೇಷಪ್ಪ ಅಪ್ಪನ ಕೈ ಹಿಡಿದು ಮಳೆಯಲ್ಲಿ ನಿಂತಿದ್ದ. ದೊಡ್ಡವನಾದ ಮೇಲೆ ಯಾರಲ್ಲೂ ಕೇಳದೆ ತೋಟ ಎಬ್ಬಿಸಿದ. ನಿಯಮ ಅವನನ್ನು ನಿಜವಾಗಿಯೂ ಕಾಪಾಡಿತ್ತು, ಅದಕ್ಕೇ ಬಿಡಲಾರ.

ಈ ಹಿನ್ನೆಲೆಯನ್ನು ಏನು ಮಾಡಬೇಕು? ಹತ್ತರಲ್ಲಿ ಒಂಬತ್ತು ಪಾಲು ನಾಟಕದೊಳಗೆ ಹಾಕಬಾರದು. ಎರಡನೆಯ ದೃಶ್ಯದಲ್ಲಿ ಶೇಷಪ್ಪ ಕೂತು ಅಪ್ಪನ ಕಥೆಯನ್ನು ಮೂರು ನಿಮಿಷ ಹೇಳಿದನೋ, ದೋಷ ಅಲ್ಲೇ ಕ್ಷಮೆ ಪಡೆದುಬಿಡುತ್ತದೆ. ಮುಂದೆ ಅವನು ಏನು ಮಾಡಿದರೂ ಪ್ರೇಕ್ಷಕರಿಗೆ ಕಾರಣ ಗೊತ್ತು, ಕುತೂಹಲವಿಲ್ಲ. ಒಂದೇ ಒಂದು ಕುರುಹು ಇಟ್ಟುಕೊಳ್ಳಿ. ಶೇಷಪ್ಪ ಯಾರ ಮನೆಗೆ ಹೋದರೂ ಜಗುಲಿಯ ತುದಿಯಲ್ಲಿ ಕೂರುತ್ತಾನೆ, ಒಳಗೆ ಕರೆದರೂ ಬರುವುದಿಲ್ಲ. ಕಾರಣ ಕೊನೆಯ ಕಾಲುಭಾಗದಲ್ಲಿ, ಬೇರೆಯವರ ಬಾಯಿಂದ, ಎರಡು ವಾಕ್ಯದಲ್ಲಿ ಬಂದರೆ ಸಾಕು.

ಮೂರನೆಯದು: ದೋಷಕ್ಕೆ ಸರಿಯಾದ ಪರಿಸ್ಥಿತಿ ಹುಡುಕಿ

ದೋಷ ತನ್ನಷ್ಟಕ್ಕೆ ಕದಲುವುದಿಲ್ಲ. ಅದೇ ಜಾಗಕ್ಕೆ ಒತ್ತುವ ಪರಿಸ್ಥಿತಿ ಬೇಕು. ಇಲ್ಲಿ ಬಹಳ ಜನ ಕಷ್ಟ ಹೆಚ್ಚಿಸುತ್ತಾ ಹೋಗುತ್ತಾರೆ: ರೋಗ, ಸಾಲ, ನೆರೆ, ಸಾವು. ಕಷ್ಟ ಎಷ್ಟಿದ್ದರೂ, ಅದರಿಂದ ಹೊರಬರುವ ಸಲೀಸಾದ ಒಂದು ದಾರಿ ಕಣ್ಣೆದುರು ಇದ್ದು, ಆ ದಾರಿಯಲ್ಲಿ ಈ ಮನುಷ್ಯ ಮಾತ್ರ ಕಾಲಿಡಲಾರ ಎನ್ನುವಂತಿದ್ದರೇ ದೋಷ ಕೆಲಸ ಮಾಡುವುದು. ಜಿಪುಣನಿಗೆ ಬಡತನ ತರಬೇಡಿ, ಖರ್ಚು ಮಾಡಲೇಬೇಕಾದ ಪ್ರಸಂಗ ತನ್ನಿ. ಶೇಷಪ್ಪನಿಗೆ ನೆರವೇ ಸಿಗದಂತೆ ಮಾಡಿದರೆ ಅವನು ಬರೀ ನತದೃಷ್ಟ. ನೆರವು ಮನೆ ಬಾಗಿಲಿಗೆ ಬರಬೇಕು.

ಗಿರೀಶ ಕಾರ್ನಾಡರ 1964ರ 'ತುಘಲಕ್' ಈ ಲೆಕ್ಕದಲ್ಲಿ ಪಾಠದಂತಿದೆ. ತನ್ನಷ್ಟು ದೂರ ಬೇರಾರಿಗೂ ಕಾಣುವುದಿಲ್ಲ ಎಂಬ ಸುಲ್ತಾನನ ನಂಬಿಕೆ, ಅದರ ಬೆನ್ನಿಗಿರುವ ಅವಸರ, ಇವೆರಡೇ ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಸಾಗಿಸುತ್ತವೆ, ತಾಮ್ರದ ನಾಣ್ಯ ಟಂಕಿಸುತ್ತವೆ. ಹೊರಗಿನ ಶತ್ರು ಬಂದು ಅವನನ್ನು ಕೆಡವಬೇಕಾಗಿಲ್ಲ. ಪಕ್ಕದಲ್ಲೇ ಅಜೀಜನೆಂಬ ಅಗಸ ಸುಲ್ತಾನನ ಒಂದೊಂದು ಆದರ್ಶದ ಆಜ್ಞೆಯಲ್ಲೂ ತನಗೆ ಲಾಭದ ಕಿಂಡಿ ಹುಡುಕುತ್ತಾ ಹೋಗುತ್ತಾನೆ. ಒಂದು ದೋಷದ ಬೆಲೆಯನ್ನು ಮತ್ತೊಂದು ಪಾತ್ರದ ಏಳಿಗೆಯಲ್ಲಿ ತೋರಿಸುವ ಈ ಜೋಡಣೆಯನ್ನು ಬಿಡಿಸಿ ನೋಡಿದರೆ, ದೊಡ್ಡ ನಾಟಕದ ಎಲುಬುಗಳು ಹೇಗೆ ಕೂಡಿಕೊಂಡಿವೆ ಎಂಬುದು ತಿಳಿಯುತ್ತದೆ.

ಪರಿಸ್ಥಿತಿ ನಿಮ್ಮ ನೆಲದ್ದಾಗಿರಲಿ. ಕುವೆಂಪು ಹ್ಯಾಮ್ಲೆಟ್ಟನ್ನು 'ರಕ್ತಾಕ್ಷಿ'ಯಾಗಿ ಬಿದನೂರಿಗೆ ತಂದಾಗ ಡೆನ್ಮಾರ್ಕಿನ ಅರಮನೆ ಹೊಸನಗರದ ಕಾಡು, ಕೋಟೆಗಳ ನಡುವೆ ಬಂದು ಕೂತಿತು. ಯಾವುದೇ ಕಥೆಯನ್ನು ಹೀಗೆ ಊರು ದಾಟಿಸುವಾಗ ದೋಷ ಸಲೀಸಾಗಿ ಜೊತೆಗೆ ಬರುತ್ತದೆ. ಅದನ್ನು ಒತ್ತುವ ಸಂಗತಿಗಳನ್ನು ಮಾತ್ರ ಹೊಸದಾಗಿ ಕಂಡುಕೊಳ್ಳಬೇಕು.

ನಾಲ್ಕನೆಯದು: "ಆಮೇಲೆ" ತೆಗೆದು "ಅದಕ್ಕೇ" ಹಾಕಿ

ಹನ್ನೆರಡು ಕಾರ್ಡು ಕತ್ತರಿಸಿಕೊಳ್ಳಿ, ಪೋಸ್ಟ್‌ಕಾರ್ಡ್ ಅಳತೆ ಸಾಕು. ಒಂದೊಂದರಲ್ಲಿ ಒಂದು ಘಟನೆ, ಒಂದೇ ವಾಕ್ಯ. ನೆಲದ ಮೇಲೆ ಸಾಲಾಗಿ ಇಟ್ಟು ಎರಡು ಕಾರ್ಡುಗಳ ನಡುವೆ ಯಾವ ಮಾತು ಸೇರುತ್ತದೆ ಎಂದು ಜೋರಾಗಿ ಓದಿ ನೋಡಿ. "ಆಮೇಲೆ" ಸೇರಿದರೆ ಕೊಂಡಿ ಬಿಟ್ಟಿದೆ. "ಅದಕ್ಕೇ" ಅಥವಾ "ಆದರೆ" ಸೇರಬೇಕು.

ಶೇಷಪ್ಪನ ಸಾಲು ಹೀಗೆ ಹೋಗುತ್ತದೆ. ಮೇ ತಿಂಗಳ ಕೊನೆ, ತೋಟಕ್ಕೆ ಔಷಧಿ ಹೊಡೆಸಲು, ಶಿವಮೊಗ್ಗದಲ್ಲಿ ಓದುವ ಮಗಳು ಸುಮಾಳ ಫೀಸಿಗೆ ಒಟ್ಟಿಗೇ ದುಡ್ಡು ಬೇಕಾಗಿದೆ. ಹೆಂಡತಿಯ ತಮ್ಮ ರಮೇಶ ನೆಂಟರ ಎದುರೇ "ನಾ ಕೊಡ್ತೆ ಭಾವ" ಅನ್ನುತ್ತಾನೆ. ಅದಕ್ಕೇ ಶೇಷಪ್ಪ ಬೇಡ ಅನ್ನುತ್ತಾನೆ. ಅದಕ್ಕೇ ಶಾರದಮ್ಮ ಗುಟ್ಟಾಗಿ ತಮ್ಮನಿಂದ ತಂದು ಫೀಸು ಕಟ್ಟಿಸಿ, ಗಂಡನಿಗೆ "ಅವಳಿಗೆ ಸ್ಕಾಲರ್‌ಶಿಪ್ ಸಿಕ್ತು" ಎಂದು ಹೇಳುತ್ತಾಳೆ. ಅದಕ್ಕೇ ಶೇಷಪ್ಪ ಊರೆಲ್ಲ ಮಗಳ ಸ್ಕಾಲರ್‌ಶಿಪ್ ಸಾರುತ್ತಾನೆ. ಆದರೆ ಔಷಧಿಯ ದುಡ್ಡು ಇನ್ನೂ ಕೂಡಿಲ್ಲ. ನೆರೆಯ ಗೋಪಾಲ ಕಲಸಿದ ಔಷಧಿ ಉಳಿದಿದೆ ಎಂದು ತಂದುಕೊಟ್ಟರೂ ತಳ್ಳುತ್ತಾನೆ. ಅದಕ್ಕೇ ತೋಟಕ್ಕೆ ಕೊಳೆ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ, ಬೀಳುತ್ತದೆ. ಅದಕ್ಕೇ, ಕೊಳೆ ಬಿದ್ದ ಸುದ್ದಿ ಮುಚ್ಚಿಟ್ಟು, ಬರಬೇಕಾದ ಬೆಳೆಯ ಮೇಲೆ ಮಂಡಿಯಲ್ಲಿ ಮುಂಗಡ ತರುತ್ತಾನೆ. ಮಂಡಿಯದು ವ್ಯಾಪಾರ, ಹಂಗಲ್ಲ ಎಂಬುದು ಅವನ ಸಮಾಧಾನ. ರಮೇಶನ ಹೊಸ ಮನೆಯ ಗೃಹಪ್ರವೇಶದಲ್ಲಿ ಫೀಸಿನ ಗುಟ್ಟು ಪಂಕ್ತಿಯ ನಡುವೆ ಒಡೆಯುತ್ತದೆ. ಅದಕ್ಕೇ ಶೇಷಪ್ಪ ಎಲ್ಲರ ಎದುರು ಸಾಲ ಬಿಸಾಕಲು ಹಳ್ಳದ ದಂಡೆಯ ಅರ್ಧ ಎಕರೆಯನ್ನು ಸಿಕ್ಕ ಬೆಲೆಗೆ ಮಾರುತ್ತಾನೆ. ಉಳಿದ ತೋಟಕ್ಕೆ ನೀರು ಬರುತ್ತಿದ್ದದ್ದು ಆ ದಂಡೆಯಿಂದಲೇ.

ಬೆಲೆ ಏರುವ ಕ್ರಮ ನೋಡಿ: ಮೊದಲು ಮುಜುಗರ, ಆಮೇಲೆ ಸುಳ್ಳು, ಬೆಳೆ, ಮರ್ಯಾದೆ, ಕೊನೆಗೆ ಮರಳಿ ಪಡೆಯಲಾಗದ ನೆಲ. ತಿರುಗಿ ಸರಿಪಡಿಸಲಾಗದ ಕೆಲಸ ನಾಟಕದ ಮುಕ್ಕಾಲು ಭಾಗ ಕಳೆಯುವ ಮೊದಲು ನಡೆದುಬಿಟ್ಟರೆ ಕೊನೆ ಸಪ್ಪೆಯಾಗುತ್ತದೆ. 80 ನಿಮಿಷದ ನಾಟಕವಾದರೆ ನೆಲ ಮಾರುವುದು 60ನೆಯ ನಿಮಿಷದ ಆಸುಪಾಸು ಬರಲಿ.

ಒಂದು ಆಕಸ್ಮಿಕಕ್ಕೆ ಅವಕಾಶವಿದೆ, ಎರಡಕ್ಕಿಲ್ಲ. ಮಳೆ ಒಂದು ದಿನ ಮೊದಲೇ ಹಿಡಿಯಿತು ಎನ್ನುವುದನ್ನು ಪ್ರೇಕ್ಷಕರು ಒಪ್ಪುತ್ತಾರೆ. ಅದೂ ಪಾತ್ರಕ್ಕೆ ಕೆಡುಕು ಮಾಡುವಂತಿರಬೇಕು. ಆಕಸ್ಮಿಕ ಬಂದು ಪಾತ್ರವನ್ನು ಬಚಾವು ಮಾಡಿದರೆ, ಹಿಂದಿನ ಒಂದು ಗಂಟೆಯ ಕೊಂಡಿಗಳೆಲ್ಲ ಕಳಚಿಬೀಳುತ್ತವೆ.

ಐದನೆಯದು: ಉಳಿದವರ ದೋಷಗಳು ಹಲ್ಲಿಗೆ ಹಲ್ಲು ಕೂಡಬೇಕು

ಒಬ್ಬನ ದೋಷ, ನಾಲ್ಕು ಜನ ಸಜ್ಜನರು: ಈ ಲೆಕ್ಕದಲ್ಲಿ ನಾಟಕವಾಗುವುದಿಲ್ಲ, ದೂರು ಅರ್ಜಿ ಆಗುತ್ತದೆ. ರಮೇಶ ಒಳ್ಳೆಯವನೇ, ನಿಜವಾಗಿಯೂ ಕೊಡುತ್ತಾನೆ. ಆದರೆ ನಾಲ್ಕು ಜನ ನೋಡುತ್ತಿರುವಾಗಲೇ ಕೊಡುತ್ತಾನೆ. ಅವನ ಕಾರ್ಡು: "ಅಕ್ಕನ ಮನೆಯಲ್ಲಿ ತಾನಿನ್ನೂ ಚಿಕ್ಕವನೆಂದು ಕಾಣಬಾರದೆಂದು, ಕೊಡುವಾಗ ಸಾಕ್ಷಿ ಇಟ್ಟುಕೊಳ್ಳುತ್ತಾನೆ." ಇವನು ಅದೇ ದುಡ್ಡನ್ನು ಒಬ್ಬನೇ ಬಂದು ತೋಟದಲ್ಲಿ ಕೊಟ್ಟಿದ್ದರೆ ಶೇಷಪ್ಪ ತೆಗೆದುಕೊಳ್ಳುತ್ತಿದ್ದನೇನೋ. ಆ 'ಏನೋ' ಇರುವುದರಿಂದಲೇ ಇಬ್ಬರೂ ಜೀವಂತ.

ಶಾರದಮ್ಮನದು "ಮನೆಯಲ್ಲಿ ದನಿ ಏರಬಾರದೆಂದು, ಸಣ್ಣ ಸುಳ್ಳಿನಿಂದ ಗಾಯದ ಮೇಲೆ ಬಟ್ಟೆ ಎಳೆಯುತ್ತಾಳೆ." ಸುಮಾಳದು ಲೆಕ್ಕ: ಅಪ್ಪನಂತೆಯೇ ಯಾರ ಋಣವನ್ನೂ ಇಟ್ಟುಕೊಳ್ಳಲಾರಳು, ಅಪ್ಪ ಅಮ್ಮನದನ್ನೂ ಸಹ. ಮಗಳಲ್ಲಿ ಅಪ್ಪನ ದೋಷವೇ ಇನ್ನೊಂದು ರೂಪದಲ್ಲಿ ಬರುವುದು ಕೊನೆಯ ದೃಶ್ಯಕ್ಕೆ ಬೇಕಾಗುತ್ತದೆ.

ಪರೀಕ್ಷೆಗೆ ಒಂದು ಹಾಳೆಯಲ್ಲಿ ಪಾತ್ರಗಳನ್ನು ಸುತ್ತ ಬರೆದು, ಯಾರ ದೋಷ ಯಾರ ದೋಷವನ್ನು ಕೆಣಕುತ್ತದೆಯೋ ಅವರ ನಡುವೆ ಗೆರೆ ಎಳೆಯಿರಿ. ಗೆರೆ ಇಲ್ಲದೆ ಉಳಿದ ಪಾತ್ರ ಬರೀ ಸುದ್ದಿ ತರುವವನು. ಅವನನ್ನು ತೆಗೆಯಿರಿ, ಇಲ್ಲವೇ ಬೇರೆಯವನೊಳಗೆ ಸೇರಿಸಿ. ಹವ್ಯಾಸಿ ತಂಡದಲ್ಲಿ ಎಲ್ಲರಿಗೂ ಪಾತ್ರ ಕೊಡಬೇಕಾದ ಕಷ್ಟ ಇದ್ದೇ ಇರುತ್ತದೆ. ಆದರೂ ಆರಕ್ಕಿಂತ ಹೆಚ್ಚು ಪಾತ್ರಗಳಿಗೆ ದೋಷ ಹೆಣೆಯಲು 80 ನಿಮಿಷ ಸಾಲದು. ಉಳಿದವರು ಗೃಹಪ್ರವೇಶದ ಪಂಕ್ತಿಯಲ್ಲಿ ಕೂರಲಿ.

ಆರನೆಯದು: ದೃಶ್ಯ ಬರೆಯುವುದು

ಗೋಪಾಲ ಉಳಿದ ಔಷಧಿಯನ್ನು ನೀಲಿ ಡ್ರಮ್ಮಿನಲ್ಲಿ ತರುವ ದೃಶ್ಯವನ್ನೇ ತೆಗೆದುಕೊಳ್ಳೋಣ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವುದು ಶೇಕಡಾ ಒಂದರ ಬೋರ್ಡೋ ದ್ರಾವಣ: ಒಂದು ಕೆಜಿ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ ಎರಡನ್ನೂ ಕೂಡಿಸಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು, ಇಟ್ಟರೆ ಹಾಳು. ಹದ ನೋಡಲು ಶುಭ್ರವಾದ ಕಬ್ಬಿಣದ ಕತ್ತಿ ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಇಷ್ಟೂ ವಿವರ ನಾಟಕಕಾರನಿಗೆ ಯಾಕೆ ಬೇಕು? ದೃಶ್ಯದ ಗಡುವು ಮತ್ತು ರಂಗದ ಮೇಲಿನ ಕೆಲಸ ಎರಡೂ ಇದರಲ್ಲೇ ಇವೆ. ಸಂಜೆಯೊಳಗೆ ತೀರ್ಮಾನ ಆಗಬೇಕು. ಕೈಯಲ್ಲಿ ಕತ್ತಿ ಇದೆ, ಎದುರಿಗೆ ಡ್ರಮ್ ಇದೆ.

ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

ಗೋಪಾಲ: ನಮ್ಮ ಔಷಧಿ ಉಳಿದಿದೆ, ತಗೊಳ್ಳಿ.
ಶೇಷಪ್ಪ: ನನಗೆ ಯಾರ ಹಂಗೂ ಬೇಡ. ನಾನು ಸ್ವಾಭಿಮಾನಿ.
ಗೋಪಾಲ: ನಿಮ್ಮ ಈ ಸ್ವಾಭಿಮಾನವೇ ನಿಮ್ಮನ್ನು ಹಾಳು ಮಾಡುತ್ತದೆ.

ದೋಷದ ಹೆಸರು ಎರಡು ಬಾಯಲ್ಲೂ ಬಂದುಬಿಟ್ಟಿತು, ಪ್ರೇಕ್ಷಕರಿಗೆ ಕಂಡುಕೊಳ್ಳಲು ಏನೂ ಉಳಿಯಲಿಲ್ಲ. ಇದನ್ನೇ ತಿದ್ದಿದ ಮೇಲೆ:

ಗೋಪಾಲ: (ಡ್ರಮ್ ಇಳಿಸುತ್ತಾ) ಶೇಷಪ್ಪಣ್ಣ, ಇದೊಂದು ಡ್ರಮ್ ಉಳೀತು. ಚಂದ್ರ ಇನ್ನೂ ಮರದ ಮೇಲೇ ಇದಾನೆ, ಈ ಕಡೆಗೇ ಹಾಯಿಸಿಬಿಡ್ತಾನೆ.
ಶೇಷಪ್ಪ: (ಡ್ರಮ್ಮಿನೊಳಗೆ ಬಗ್ಗಿ ನೋಡಿ) ಸುಣ್ಣ ಕಡಿಮೆ ಬಿದ್ದಂಗಿದೆ.
ಗೋಪಾಲ: ಎಂತ ಕಡಿಮೆ ಮಾರಾಯ್ರೆ! ಕೊಡಿ ಆ ಕತ್ತಿ. (ಅದ್ದಿ ಎತ್ತುತ್ತಾನೆ) ನೋಡಿ. ಕೆಂಪು ಇದ್ಯಾ?
ಶೇಷಪ್ಪ: (ಅಲಗನ್ನು ಪಂಚೆಯ ತುದಿಯಲ್ಲಿ ಒರೆಸುತ್ತಾ) ಇಲ್ಲ.
ಗೋಪಾಲ: ಮತ್ತೆ?
(ದೂರದಲ್ಲಿ ಗುಡುಗು.)
ಶೇಷಪ್ಪ: ಚಂದ್ರಂಗೆ ಟೀ ಕುಡ್ಸಿದ್ಯಾ? ಪಾಪ, ಬೆಳಿಗ್ಗಿಂದ ಮರದ ಮೇಲಿದಾನೆ. ಶಾರದಾ, ಟೀ ಇಡೇ.

ಅವನ ನೆಪ ರಂಗದ ಮೇಲೆಯೇ, ಕಣ್ಣೆದುರೇ ಸೋಲುತ್ತದೆ. ಸೋತ ಮೇಲೂ ಅವನು ತೆಗೆದುಕೊಳ್ಳುವುದಿಲ್ಲ. ಔಷಧಿ ಬೇಡದ್ದಕ್ಕೆ ಕಾರಣ ಸುಣ್ಣವಲ್ಲ ಎಂದು ಪ್ರೇಕ್ಷಕರಿಗೆ ಆಗ ಹೊಳೆಯುತ್ತದೆ. ಅದರ ಮೇಲೆ ಅವನು ಗೋಪಾಲನ ಆಳಿಗೆ ಟೀ ಕೊಡಿಸುತ್ತಾನೆ. ಪಡೆಯಬೇಕಾದ ಜಾಗದಲ್ಲಿ ತಾನೇ ಕೊಡುವವನಾಗುತ್ತಾನೆ. ದೋಷ ತನ್ನನ್ನು ತಾನು ಮುಚ್ಚಿಕೊಳ್ಳುವುದು ಹೀಗೆ, ಒಳ್ಳೆಯತನದ ಬಟ್ಟೆ ಹೊದ್ದು.

ಈ ಬಗೆಯ ದೃಶ್ಯಕ್ಕೆ ಬೇಕಾದವು: ಪಾತ್ರಕ್ಕೆ ಬೇಕಿರುವ ಒಂದು ವಸ್ತು ರಂಗದ ಮೇಲೆ ಕಾಣುವಂತಿರಬೇಕು, ಸಮಯದ ಒತ್ತಡವಿರಬೇಕು, ಒಂದು ನೆಪ ಬಂದು ಮುರಿಯಬೇಕು, ನೆಪ ಮುರಿದ ಮೇಲಿನ ನಡೆಯಲ್ಲಿ ನಿಯಮ ಬಯಲಾಗಬೇಕು. ಐದರಿಂದ ಎಂಟು ನಿಮಿಷದೊಳಗೆ ಮುಗಿಸಿ. ಆ ಡ್ರಮ್ ಮುಂದಿನ ದೃಶ್ಯಗಳಲ್ಲೂ ಅಂಗಳದ ಮೂಲೆಯಲ್ಲಿ ಹಾಗೆಯೇ ಇರಲಿ. ಯಾರೂ ಅದರ ಬಗ್ಗೆ ಮಾತಾಡಬೇಕಿಲ್ಲ.

ಮಾತಿನಲ್ಲಿ ದೋಷದ ಹೆಸರು ಎಷ್ಟು ಸಲ ಬಂದಿದೆ ಎಂದು ಕರಡು ಮುಗಿದ ಮೇಲೆ ಎಣಿಸಿ. ಇಡೀ ನಾಟಕದಲ್ಲಿ 'ಹಂಗು' ಎಂಬ ಪದ ಒಂದು ಸಲ ಬಂದರೆ ಸಾಕು. ಅದು ಶೇಷಪ್ಪನ ಬಾಯಲ್ಲಿ ಬರದಿದ್ದರೆ ಇನ್ನೂ ಒಳ್ಳೆಯದು.

ಏಳನೆಯದು: ಅರಿವಾಗುವ ಕ್ಷಣ

ಪಾತ್ರ ತನ್ನ ದೋಷವನ್ನು ಕಾಣಬೇಕೇ? ಕಾಣಲೇಬೇಕೆಂಬ ನಿಯಮವಿಲ್ಲ. ಕಂಡರೂ ಬಿಡಲಾಗದಿರಬಹುದು, ಬಿಟ್ಟರೂ ಹೊತ್ತು ಮೀರಿರಬಹುದು. ಒಂದನ್ನು ಮಾತ್ರ ಮಾಡಬಾರದು: ಕೊನೆಯ ಐದು ನಿಮಿಷದಲ್ಲಿ ಮಗಳು ಒಂದು ಭಾಷಣ ಮಾಡಿ, ಅಪ್ಪ ಕಣ್ಣೊರೆಸಿಕೊಂಡು "ನನ್ನ ಕಣ್ಣು ತೆರೆಸಿದೆ ಮಗಳೇ" ಅನ್ನುವುದು. ಐವತ್ತು ವರ್ಷ ಬೇರು ಬಿಟ್ಟ ನಿಯಮ ಒಂದು ಭಾಷಣಕ್ಕೆ ಅಲ್ಲಾಡುವುದಿಲ್ಲ ಎಂದು ಕೂತು ನೋಡುತ್ತಿರುವ ಪ್ರತಿಯೊಬ್ಬರಿಗೂ ಗೊತ್ತಿದೆ.

ಅರಿವನ್ನೂ ಒಂದು ಆಯ್ಕೆಯಾಗಿ ಕೊಡಿ. ಶೇಷಪ್ಪನ ನಾಟಕದಲ್ಲಿ ಸುಮಾ ಕೆಲಸಕ್ಕೆ ಸೇರಿ, ಮೊದಲ ಸಂಬಳವನ್ನು ಕವರಿನಲ್ಲಿ ತಂದು ಅಪ್ಪನ ಎದುರು ಇಡುತ್ತಾಳೆ: "ಫೀಸಿನ ಬಾಕಿ. ಇನ್ನು ಹತ್ತು ತಿಂಗಳು ಕೊಡ್ತೀನಿ. ಆಮೇಲೆ ನಿಮ್ಮದೇನೂ ನನ್ನ ಮೇಲಿಲ್ಲ." ಅವನ ನಿಯಮವೇ ಮಗಳ ಬಾಯಿಂದ ಹೊರಟು ಅವನಿಗೇ ಬಂದು ತಾಗುತ್ತದೆ. ಈಗ ಅವನು ಕವರನ್ನು ತಳ್ಳಿದರೆ ಹಳೆಯ ಶೇಷಪ್ಪನೇ. ತೆಗೆದುಕೊಂಡರೆ ಲೆಕ್ಕ ಚುಕ್ತಾ, ಮಗಳು ಹೋದಳು. ಮೂರನೆಯ ದಾರಿ, "ನಂಗೆ ದುಡ್ಡು ಬ್ಯಾಡ, ಈ ವರ್ಷ ಕೊಯ್ಲಿಗೆ ನೀ ಬರ್ತೀಯಾ?" ಎಂದು ಕೇಳುವುದು. ಅವನು ಬದುಕಿನಲ್ಲಿ ಮೊದಲ ಸಲ ಒಬ್ಬರಲ್ಲಿ ಏನನ್ನಾದರೂ ಕೇಳುವುದು ಅದು. ಮೂರರಲ್ಲಿ ಯಾವುದು ಸರಿ ಎನ್ನುವುದು ನಿಮ್ಮ ನಾಟಕಕ್ಕೆ ಬಿಟ್ಟದ್ದು. ನಮ್ಮ ಒಲವು ಮೂರನೆಯದರ ಕಡೆಗೆ, ಅದೂ ಸುಮಾ ಕೂಡಲೇ ಹೂಂ ಅನ್ನದಿದ್ದರೆ.

ಎಂಟನೆಯದು: ತಾಲೀಮಿನಲ್ಲಿ

ಬರಹದಲ್ಲಿ ಸರಿಯಾಗಿ ಕೂತ ದೋಷವನ್ನು ತಾಲೀಮಿನಲ್ಲಿ ಕೆಡಿಸುವುದು ಬಹಳ ಸುಲಭ. ದೊಡ್ಡ ತಪ್ಪು, ನಟ ದೋಷವನ್ನೇ ಅಭಿನಯಿಸುವುದು. ಶೇಷಪ್ಪ ಅಂದಕೂಡಲೇ ಎದೆ ಮುಂದೆ, ಗದ್ದ ಮೇಲೆ, ಮಾತೆಲ್ಲ ಗಡಸು. ಯಾರೂ ತಮ್ಮ ದೋಷವನ್ನು ಪ್ರದರ್ಶನಕ್ಕಿಟ್ಟುಕೊಂಡು ಓಡಾಡುವುದಿಲ್ಲ. ನಟನಿಗೆ ದೋಷದ ಹೆಸರನ್ನು ಹೇಳಲೇಬೇಡಿ. ಆ ದೃಶ್ಯದಲ್ಲಿ ಅವನಿಗೆ ಬೇಕಾದ್ದನ್ನು ಮಾತ್ರ ಹೇಳಿ: ಗೋಪಾಲ ನೊಂದುಕೊಳ್ಳದಂತೆ, ಡ್ರಮ್ ತೆಗೆದುಕೊಂಡು ಹೋಗುವಂತೆ ಮಾಡು. ಇಷ್ಟು ಸಾಕು. ಶೇಷಪ್ಪ ನಗುನಗುತ್ತಾ ಉಪಚಾರ ಮಾಡುತ್ತಾ ತಳ್ಳುತ್ತಾನೆ, ಅದೇ ಹೆಚ್ಚು ನೋಯಿಸುತ್ತದೆ.

ಸಂಜೆ ಎರಡು ಗಂಟೆಯ ತಾಲೀಮು ಮಾಡುವ ತಂಡಕ್ಕೆ 80 ನಿಮಿಷದ ನಾಟಕಕ್ಕೆ ಐದಾರು ವಾರ ಬೇಕು. ಮೊದಲ ವಾರ ಮಾತು ಬಾಯಿಪಾಠ ಮಾಡಿಸದೆ, ಕಾರ್ಡಿನ ಘಟನೆಗಳನ್ನಷ್ಟೇ ಇಟ್ಟುಕೊಂಡು ಸ್ವಂತ ಮಾತಿನಲ್ಲಿ ಆಡಿಸಿ. ಯಾವ ಕೊಂಡಿಯಲ್ಲಿ ನಟರು "ಇಲ್ಲಿ ನಾನು ಯಾಕೆ ಹೀಗೆ ಮಾಡ್ತೀನಿ?" ಎಂದು ನಿಲ್ಲುತ್ತಾರೋ, ಅಲ್ಲಿ ನಟರನ್ನು ಒಪ್ಪಿಸಲು ಹೋಗಬೇಡಿ, ಕಾರ್ಡನ್ನು ತಿದ್ದಿ. ಎರಡನೆಯ ವಾರ ಒಂದು ದಿನ ಪೂರಾ ನಾಟಕವನ್ನು ಮಾತೇ ಇಲ್ಲದೆ ಆಡಿಸಿ. ತಳ್ಳುವುದು, ಬಚ್ಚಿಡುವುದು, ಸಾಕ್ಷಿ ಕರೆಯುವುದು ಮಾತಿಲ್ಲದೆಯೂ ಕಾಣಬೇಕು. ಮಲೆನಾಡಿನಲ್ಲಿ ಇದು ಬರೀ ಅಭ್ಯಾಸಕ್ಕೆ ಮಾಡುವ ಕೆಲಸವಲ್ಲ. ತಗಡಿನ ಮಾಡಿನ ಸಭಾಭವನದಲ್ಲಿ ಜುಲೈ ತಿಂಗಳ ಮಳೆ ಜಪ್ಪಿದರೆ ಐದನೆಯ ಸಾಲಿನಾಚೆ ಮಾತು ಕೇಳುವುದಿಲ್ಲ. ಕಥೆ ಆಗ ಡ್ರಮ್ಮು, ಕತ್ತಿ, ಕವರುಗಳ ಮೇಲೆ ನಿಲ್ಲಬೇಕಾಗುತ್ತದೆ.

ಪ್ರೇಕ್ಷಕರ ಬಗ್ಗೆಯೂ ಒಂದು ಮಾತು. ಹೆಗ್ಗೋಡಿನ ನೀನಾಸಮ್ 1985ರಿಂದ ತಿರುಗಾಟದ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ, ಶಿವಮೊಗ್ಗದಲ್ಲಿ ರಂಗಾಯಣವಿದೆ, ಹಳ್ಳಿಯ ಜಗುಲಿಯಲ್ಲಿ ತಾಳಮದ್ದಳೆಯ ವಾದ ಕೇಳಿ ಬೆಳೆದವರಿದ್ದಾರೆ. ಇಂಥವರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಮೂರನೆಯ ಸಲ ಶೇಷಪ್ಪ ಜಗುಲಿಯ ತುದಿಯಲ್ಲಿ ಕೂತಾಗ ಅವರು ತಾವೇ ಪಕ್ಕದವರತ್ತ ತಿರುಗಿ ನೋಡುತ್ತಾರೆ.

ಕೆಡುವ ಜಾಗಗಳು

ನಡುವೆ ನಾಟಕ ಜೋಲು ಬಿದ್ದರೆ, ಬಹುಪಾಲು ಸಂದರ್ಭದಲ್ಲಿ ಒಂದೇ ದೋಷ ಒಂದೇ ರೀತಿ ಮೂರು ಸಲ ಬಂದಿರುತ್ತದೆ. ಶೇಷಪ್ಪ ರಮೇಶನ ದುಡ್ಡು ತಳ್ಳಿದ, ಗೋಪಾಲನ ಡ್ರಮ್ ತಳ್ಳಿದ, ಸೊಸೈಟಿಯ ಸಾಲ ತಳ್ಳಿದ. ಮೂರನೆಯದನ್ನು ಕಿತ್ತು, ದೋಷ ಬೇರೆ ಮುಖ ತೋರುವ ಘಟನೆ ಹಾಕಿ: ಮಂಡಿಯಲ್ಲಿ ಅವನೇ ಸುಳ್ಳು ಹೇಳುವ ದೃಶ್ಯ ಬಂದದ್ದು ಅದಕ್ಕೇ. ಹಂಗಿನಿಂದ ತಪ್ಪಿಸಿಕೊಳ್ಳಲು ಪ್ರಾಮಾಣಿಕತೆಯನ್ನೇ ಅಡವಿಟ್ಟ.

ಪಾತ್ರದ ಮೇಲೆ ಪ್ರೇಕ್ಷಕರಿಗೆ ಕನಿಕರವೇ ಹುಟ್ಟದಿದ್ದರೆ, ಅವನ ನಿಯಮ ಒಳ್ಳೆಯದನ್ನು ಮಾಡುವ ಒಂದು ಸಣ್ಣ ಪ್ರಸಂಗ ಮೊದಲ ಹದಿನೈದು ನಿಮಿಷದಲ್ಲಿ ಇಲ್ಲವೆಂದು ಅರ್ಥ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಚಂದ್ರನ ಕೂಲಿಯನ್ನು ಕೇಳುವ ಮೊದಲೇ, ಒಂದು ರೂಪಾಯಿಯನ್ನೂ ಉಳಿಸಿಕೊಳ್ಳದೆ ಎಣಿಸಿ ಕೊಡುವುದನ್ನು ತೋರಿಸಿ. ಬಾಕಿ ಉಳಿಸಿಕೊಳ್ಳದವನು ಎಂಬುದು ಎರಡೂ ಕಡೆ ಹರಿತವಾದ ಗುಣ ಎಂದು ಅಲ್ಲೇ ತಿಳಿದುಬಿಡುತ್ತದೆ.

ನಗು ತೀರಾ ಇಲ್ಲವಾದರೆ ಅದೂ ಲೋಪವೇ. ಯಾವ ದೋಷವೂ ಬೇರೆಯವರ ಕಣ್ಣಿಗೆ ಸ್ವಲ್ಪ ನಗೆಪಾಟಲಾಗಿಯೇ ಇರುತ್ತದೆ. ನೆಂಟರ ಮನೆಯಿಂದ ಬಂದ ಹಲಸಿನ ಹಣ್ಣಿಗೆ ಸರಿಸಮ ತೂಕದ ಬಾಳೆಗೊನೆ ಹುಡುಕಿಕೊಂಡು ಶೇಷಪ್ಪ ತೋಟವೆಲ್ಲ ಅಲೆಯುವ ಎರಡು ನಿಮಿಷ ಇಟ್ಟುಕೊಳ್ಳಿ. ಅಲ್ಲಿ ನಕ್ಕವರು ನೆಲ ಮಾರುವ ದೃಶ್ಯದಲ್ಲಿ ನಗಲಾರರು.

ಪ್ರದರ್ಶನಕ್ಕೆ ಹತ್ತು ದಿನವಿರುವಾಗ ನಾಟಕದ ಬಗ್ಗೆ ಏನೂ ಗೊತ್ತಿಲ್ಲದ ಇಬ್ಬರನ್ನು ತಾಲೀಮಿಗೆ ಕರೆದು ಕೂರಿಸಿ. ಮುಗಿದ ಮೇಲೆ "ಹೇಗಿತ್ತು?" ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ. "ಶೇಷಪ್ಪ ಡ್ರಮ್ ಯಾಕೆ ಬೇಡ ಅಂದ?" ಎಂದು ಕೇಳಿ. "ಸುಣ್ಣ ಕಡಿಮೆ ಇತ್ತಲ್ಲ" ಎಂಬ ಉತ್ತರ ಬಂದರೆ ಕತ್ತಿ ಒರೆಸುವ ಜಾಗವನ್ನು ನಿಧಾನ ಮಾಡಿ, ಗೋಪಾಲನ "ಮತ್ತೆ?" ಆದ ಮೇಲೆ ಮೂರು ಎಣಿಸುವಷ್ಟು ಹೊತ್ತು ಬಿಟ್ಟು ಗುಡುಗು ತನ್ನಿ. "ಅಹಂಕಾರ" ಎಂದರೆ ನಟ ಇನ್ನೂ ಎದೆ ಉಬ್ಬಿಸುತ್ತಿದ್ದಾನೆ. ಅವರು ಉತ್ತರ ಬಿಟ್ಟು ತಮ್ಮ ಮನೆಯ ಚಿಕ್ಕಪ್ಪನೊಬ್ಬನ ಕಥೆ ಹೇಳಲು ಶುರುಮಾಡಿದರೆ ದೃಶ್ಯವನ್ನು ಇನ್ನು ಮುಟ್ಟಬೇಡಿ, ಬೆಳಕಿನ ಕೆಲಸಕ್ಕೆ ಹೋಗಿ.